ತಂಗಿ ಹೊಳ್ಳಿ ಬರುವ ವಿಡಿಯೊ

ಮದುವೆ ವಿಡಿಯೊಗಳ ಮಿಕ್ಸಿಂಗ್ ಮಾಡಿ ಅನ್ನ ತಿನ್ನುವವಳು ನಾನು. ಬಸವಕಲ್ಯಾಣದ ಬಜಾರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಈಗೀಗ ಎಲ್ಲರಿಗೂ ಒಂದು ಉಲ್ಟಾ ತುಣುಕು ಬೇಕು. ನೆಲಕ್ಕೆ ಬಿದ್ದ ಅಕ್ಕಿಕಾಳು ಎದ್ದು ಜನರ ಮುಷ್ಟಿ ಸೇರಬೇಕು, ನೋಡಿದವರು ನಗಬೇಕು. ಒಂದು ಮಧ್ಯಾಹ್ನ ಬುತ್ತಿ ತಂದ ಅವ್ವ ಅಂಥದೊಂದು ತುಣುಕು ನೋಡಿದಳು. ನಗಲಿಲ್ಲ.

“ನಿನ್ನ ತಂಗೀನೂ ಹಿಂಗೇ ಹೊಳ್ಳಿ ಬರ್ತಾಳೇನ?” ಎಂದಳು.

ತಂಗಿಯನ್ನು ಹುಮನಾಬಾದಿಗೆ ಕೊಟ್ಟಿದ್ದೆವು. ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರಲು ಅವ್ವ ಕೌದಿ ಒಗೆದು ಒಣಗಿಸಿದ್ದಳು. ಅಷ್ಟರಲ್ಲೇ ಅಲ್ಲಿ ರಕ್ತ ಹೋಗಿ ತಂಗಿ, ಅವಳ ಹೊಟ್ಟೆಯ ಕೂಸು ಇಬ್ಬರೂ ಉಳಿಯಲಿಲ್ಲ. ಮಣ್ಣಿಗೆ ಇಡುವ ಮುಂಚೆ ಅವ್ವ ಸೆರಗಿಗೆ ಅಕ್ಕಿ, ಕಾಯಿ ಹಾಕಿ ಮಗಳ ಉಡಿ ತುಂಬಿದಳು. ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ.

“ಹುಚ್ಚ ಹಿಡದದೇನ ನಿನಗ?” ಎಂದು ರೇಗಿದೆ. ನನಗೆ ಅಳು ಬಂದಾಗೆಲ್ಲ ಮೊದಲು ಸಿಟ್ಟೇ ಬರುತ್ತದೆ.

“ನಾ ಎಲ್ಲಿ ಹುಚ್ಚಿ ಆದೆ? ಆಕಿ ಮದುವಿ ವಿಡಿಯೊ ಉಲ್ಟಾ ಮಾಡು. ಆಕಿ ಕಾರಿಂದ ಇಳದು ಮನಿಯೊಳಗ ಬರೋದು ಒಮ್ಮಿ ನೋಡ್ತೀನಿ. ಅಷ್ಟೇ.”

ಅವ್ವ ಹಟ ಹಿಡಿದರೆ ಬ್ರಹ್ಮ ಬಂದರೂ ಬಿಡುವವಳಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ ಕಟ್ಟಿದವನು ಸಿಕ್ಕರೆ ಅವಳ ಎದುರಿಗೆ ಕೂರಿಸಬೇಕು.

ಸಣ್ಣ ತುಣುಕನ್ನು ತಿರುಗಿಸುವುದು ಸುಲಭ. ತಂಗಿಯ ಮದುವೆಯದು ತಾಸುಗಟ್ಟಲೆ ಉದ್ದ. ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ರಿವರ್ಸ್ ಕಮಾಂಡ್ ಕೊಟ್ಟೆ. ಕಂಪ್ಯೂಟರ್ ಗುಂಯ್‌ಗುಟ್ಟಿ ನಿಂತೇಹೋಯಿತು. ಅದು ಕೊನೆಯ ಚಿತ್ರ ಸಿಗುವವರೆಗೆ ಮೊದಲಿನಿಂದ ಎಲ್ಲವನ್ನೂ ಮೆಮೊರಿಯಲ್ಲಿ ಹಿಡಿದುಕೊಂಡಿರಬೇಕಂತೆ. ಅಷ್ಟೆಲ್ಲ ಹಿಡಿದುಕೊಳ್ಳುವುದು ಅದರಿಂದ ಆಗಲಿಲ್ಲ. ಕೊನೆಗೆ ವಿಡಿಯೊವನ್ನು ಸಣ್ಣ ಸಣ್ಣ ತುಂಡು ಮಾಡಿದೆ. ಒಂದೊಂದನ್ನೇ ತಿರುಗಿಸಿದೆ. ಕಡೆಯ ತುಂಡನ್ನು ಮೊದಲಿಟ್ಟು ಎಲ್ಲವನ್ನೂ ಜೋಡಿಸಿದೆ. ಧ್ವನಿ ತೆಗೆದುಹಾಕಿದೆ. ತಂಗಿಯ ಮಾತು ಉಲ್ಟಾ ಕೇಳಿದರೆ ಎದೆ ಒಡೆಯುತ್ತಿತ್ತು. ಅವಳ ಮುಖ ನೋಡುವ ಧೈರ್ಯವಿಲ್ಲದೆ, ತುಂಡುಗಳು ಕೂಡುವ ಜಾಗಗಳನ್ನಷ್ಟೇ ಪರೀಕ್ಷಿಸಿದೆ.

ಅವ್ವನನ್ನು ಕೂರಿಸಿ ವಿಡಿಯೊ ಹಚ್ಚಿದೆ. ಹೂವಿನ ಕಾರು ಹಿಂದೆ ಹಿಂದೆ ಸರಿಯುತ್ತ ನಮ್ಮ ಬಾಗಿಲಿಗೆ ಬಂತು. ತಂಗಿ ಇಳಿದಳು. ಕೆನ್ನೆಯ ಕಣ್ಣೀರು ಮೇಲೇರಿ ಕಣ್ಣು ಸೇರಿತು.

“ಬಂದ್ಳು ನೋಡ, ಬಂದ್ಳು! ಬಾ ನನ್ನವ್ವಾ, ಬಾ!” ಅವ್ವ ಎರಡೂ ಕೈ ಚಾಚಿದಳು. ನಾನೂ ತಡೆಯಲಾಗದೆ ಅತ್ತುಬಿಟ್ಟೆ. ತಂಗಿ ಹೊಸ್ತಿಲು ದಾಟಿದಾಗ ನಿಲ್ಲಿಸಹೋದೆ. ಅವ್ವ ನನ್ನ ಕೈ ಹಿಡಿದಳು. “ನಿಲ್ಲಿಸಬ್ಯಾಡ. ಒಳಗ ಬಂದು ಕೂಡ್ಲಿ.”

ತಂಗಿ ಒಳಗೆ ಬಂದು ಕೂತಳು. ತುಂಬಿದ ಉಡಿ. ಎದುರಿಗೆ ಮದುವೆ ದಿನದ ಅವ್ವ. ಆ ಅವ್ವನ ಬರಿಗೈ ಮಗಳ ಸೆರಗಿನೊಳಗೆ ಇಳಿದು, ಮುಷ್ಟಿ ತುಂಬ ಅಕ್ಕಿ ತೆಗೆದುಕೊಂಡು ಹೊರಗೆ ಬಂತು. ಮತ್ತೆ ಇಳಿಯಿತು, ಮತ್ತೆ ತೆಗೆಯಿತು. ಉತ್ತತ್ತಿ, ಅರಿಷಿಣದ ಕೊಂಬು, ಕಡೆಗೆ ತೆಂಗಿನಕಾಯಿಯೂ ಹೋಯಿತು. ತಂಗಿ ಖಾಲಿ ಸೆರಗು ಚಾಚಿಕೊಂಡು ಕೂತಿದ್ದಳು.

“ಅಯ್ಯಯ್ಯೋ, ನಾನೇ ಕಸಗೊಳ್ಳಾಕತ್ತೇನಿ! ಬಂದ್ ಮಾಡು, ಬಂದ್ ಮಾಡು!” ಅವ್ವ ಹಣೆ ಹಣೆ ಬಡಿದುಕೊಂಡಳು.

ಬಂದ್ ಮಾಡಿದೆ. ನೀರು ಕೊಟ್ಟರೆ ಲೋಟ ಸರಿಸಿದಳು. ಬಹಳ ಹೊತ್ತು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಸೀದಾ ಹಚ್ಚು.”

“ಸೀದಾ ಹಚ್ಚಿದ್ರ ಆಕಿ ಹೋಗ್ತಾಳಲ್ಲವ್ವಾ.”

“ಹೋಗ್ಲಿ. ಉಡಿ ತುಂಬಕೊಂಡು ಹೋಗ್ಲಿ ನನ್ನ ಮಗಳು.”