ಓಣಿಗೆ ಬೆನ್ನು ಹಾಕಿದ ಟವರ್

ನಿಪ್ಪಾಣಿಯಲ್ಲಿ ನಮ್ಮ ಕಾಕಾ ಕಟ್ಟಿಸಿದ ಅಪಾರ್ಟ್‌ಮೆಂಟಿಗೆ ಇದ್ದದ್ದು ನಾಲ್ಕೇ ಮಹಡಿ. ಆದರೆ ಕೊಲ್ಹಾಪುರದ ಬಿಲ್ಡರ್ ಬೋರ್ಡಿನ ಮೇಲೆ ‘ಟವರ್’ ಎಂದು ಬರೆಸಿದ್ದ. ಆಗ ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕಾಕಾನ ಮನೆಯಲ್ಲಿದ್ದೆ. ಕಟ್ಟಡದ ಮುಂಭಾಗಕ್ಕೆ ನೀಲಿ ಟೈಲ್ಸ್ ಇದ್ದವೆಂದು ನನ್ನ ನೆನಪು. ಕಾಕಾನ ಮಗಳು ಹಸಿರು ಎನ್ನುತ್ತಾಳೆ. ಫೋಟೋದಲ್ಲಿ ನೋಡೋಣವೆಂದರೆ ಇರುವುದು ಕಪ್ಪು ಬಿಳುಪು. ಗುಂಡಗಿನ ಕಿಟಕಿಗಳಿದ್ದವು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಅನುಮಾನವಿಲ್ಲ. ಸಮುದ್ರವನ್ನೇ ನೋಡದ ಊರಿನಲ್ಲಿ ಹಡಗಿನ ಕಿಟಕಿ.

ಕಾಕಾನ ಹಳೆಯ ಮನೆ ಓಣಿಗೆ ಮುಖ ಮಾಡಿತ್ತು. ಹಿಂದೆ ಹಿತ್ತಲು, ಎಮ್ಮೆ, ತಿಪ್ಪೆ; ಅದರಾಚೆ ಪುಣೆ-ಬೆಂಗಳೂರು ರಸ್ತೆ. ಮನೆ ಕೆಡವಿ ಕಟ್ಟಲೆಂದು ಆ ಜಾಗವನ್ನು ಬಿಲ್ಡರನಿಗೆ ಕೊಡುವ ಮೊದಲು ಅವನು ಒಂದು ಬಣ್ಣದ ಚಿತ್ರ ತಂದುಕೊಟ್ಟ. ನೀಲಿಯೋ ಹಸಿರೋ ಗೋಡೆ, ಕೆಳಗೆ ಕೆಂಪು ಕಾರು, ನಮ್ಮ ಕಡೆ ಎಲ್ಲೂ ಬೆಳೆಯದ ಎಂಥದೋ ಗಿಡಗಳು. ಕಾಕಾ ಅದನ್ನು ಪಡಸಾಲೆಯಲ್ಲಿ ತೂಗುಹಾಕಿದ. ಓಣಿಯ ಮಂದಿಯೆಲ್ಲ ಬಂದು ನೋಡಿ, ಚಹಾ ಕುಡಿದು, ‘ಭಾರಿ ಆಗತೈತಿ’ ಎಂದು ಹೋದರು. ಕಾಕಾನೂ ಸೇರಿ ಒಬ್ಬರೂ ಆ ಚಿತ್ರ ಯಾವ ಕಡೆಯದು ಎಂದು ಕೇಳಲಿಲ್ಲ. ಮನೆಯ ಮುಖವೆಂದರೆ ಓಣಿಯ ಕಡೆಗಿರುವುದು, ಅದನ್ನು ಕೇಳುವುದೇನಿದೆ? ನಾನೂ ಕೇಳಲಿಲ್ಲ.

ಬಿಲ್ಡರನಿಗೆ ಮುಖವೆಂದರೆ ಹೆದ್ದಾರಿ. ಟೈಲ್ಸು, ಗುಂಡು ಕಿಟಕಿ, ಬಾಗಿಲು ಎಲ್ಲ ಆ ಕಡೆ ಹೋದವು. ಓಣಿಯ ಕಡೆಗೆ ಗಿಲಾವು ಮಾಡಿ ಬಿಟ್ಟ ಬರೀ ಗೋಡೆ, ಅದರ ಮೇಲೆ ಮಹಡಿಯಿಂದ ಮಹಡಿಗೆ ಇಳಿದುಬಂದ ಬಚ್ಚಲು, ಸಂಡಾಸಿನ ಪೈಪುಗಳು. ಅವುಗಳ ನೇರ ಎದುರಿಗೆ ನಮ್ಮ ಸೋದರತ್ತೆಯ ಮನೆಯ ಹೊಸ್ತಿಲು.

ಮಂದಿ ಸುಮ್ಮನಿರಲಿಲ್ಲ. ಚಹಾದಂಗಡಿಯವನು ಮರಾಠಿಯಲ್ಲಿ, “ಪುಢೂನ್ ನವರಾ, ಮಾಗೂನ್ ಭಿಕಾರಿ” ಎಂದ. ಮುಂದಿನಿಂದ ನೋಡಿದರೆ ಮದುಮಗ, ಹಿಂದಿನಿಂದ ಭಿಕ್ಷುಕ. ಕಾಕಿ ಕಟ್ಟಡಕ್ಕೆ ದೃಷ್ಟಿಗೊಂಬೆ ಕಟ್ಟಿಸುತ್ತಿದ್ದಾಗ ಓಣಿಯ ಮುದುಕನೊಬ್ಬ ನಿಂತು ನೋಡಿದ.

“ಯಾಕ ಸುಮ್ನ ತ್ರಾಸ ತಗೋತಿ ಬೇ? ಇದಕ್ಕ ಯಾರ ಕಣ್ಣೂ ಬೀಳೂದಿಲ್ಲ.”

ತಂಬಾಕಿನ ವಖಾರಿಯಲ್ಲಿ ದುಡಿಯುವ ಹೆಂಗಸರು ನಮ್ಮ ಓಣಿಯಿಂದಲೇ ಹಾದುಹೋಗುತ್ತಿದ್ದರು. ಅವರಲ್ಲೊಬ್ಬಳ ಮಾತು ಊರೆಲ್ಲ ತಿರುಗಿತು: “ತಿಪ್ಪಿ ಇದ್ದಲ್ಲಿ ಬಾಗಲಾ ಮಾಡ್ಯಾರ, ಬಾಗಲಾ ಇದ್ದಲ್ಲಿ ಸಂಡಾಸ.” ಅದಕ್ಕಿಂತ ಚೆನ್ನಾಗಿ ಆ ಕಟ್ಟಡವನ್ನು ವಿವರಿಸಲು ನನಗೆ ಇವತ್ತಿಗೂ ಆಗಿಲ್ಲ.

ಕಾಕಾ ಇದನ್ನೆಲ್ಲ ಕೇಳಿಯೂ ಕೇಳದಂತಿದ್ದ. ಅವನನ್ನು ಕಾಡುತ್ತಿದ್ದದ್ದು ವಾಸ್ತುಶಾಂತಿಯ ದಿನ. ನಮ್ಮ ಮನೆತನದಲ್ಲಿ ಹೊಸ ಮನೆಯೊಳಗೆ ತುಂಬಿದ ಕೊಡ ಹೊತ್ತು ಮೊದಲು ಕಾಲಿಡುವವಳು ಯಜಮಾನನ ಅಕ್ಕ ಅಥವಾ ತಂಗಿ. ಕಾಕಾನಿಗೆ ಇದ್ದ ಅಕ್ಕ ಎಂದರೆ ಎದುರು ಮನೆಯ ಸೋದರತ್ತೆಯೊಬ್ಬಳೇ. ಅವಳು ಬಂದರೆ ಓಣಿ ಊಟಕ್ಕೆ ಬರುತ್ತದೆ. ಬರದಿದ್ದರೆ ಯಾರೂ ಬರುವುದಿಲ್ಲ. ಕರೆಯಲು ಹೋದಾಗ ಅವಳು, “ಕೊಡಾ ಹೊರೂದು ನನ್ನ ಕೆಲಸ, ಹೊರತೀನಿ” ಎಂದಷ್ಟೇ ಹೇಳಿದಳು. ಕಾಕಾ ಅದನ್ನು ಒಪ್ಪಿಗೆಯೆಂದು ತಿಳಿದು ಇಡೀ ಓಣಿಗೆ ಸಾಲುವಷ್ಟು ಅಡುಗೆ ಹೇಳಿದ.

ಮುಹೂರ್ತದ ಹೊತ್ತಿಗೆ ಅತ್ತೆ ಇಳಕಲ್ ಸೀರೆಯುಟ್ಟು, ಹಿತ್ತಾಳೆಯ ಕೊಡ ಹೊತ್ತು ತನ್ನ ಮನೆಯಿಂದ ಹೊರಬಿದ್ದಳು. ಓಣಿ ದಾಟಿ ನೇರ ಆ ಗೋಡೆಯ ಮುಂದೆ ಹೋಗಿ ನಿಂತಳು. ಹಿಂದೆ ಓಣಿಯ ಹೆಂಗಸರು. ಸುದ್ದಿ ಮುಟ್ಟಿ ಕಾಕಾ ತಲೆಯ ಹೊಸ ರುಮಾಲು ಹಿಡಿದುಕೊಂಡು ಕಟ್ಟಡವನ್ನು ಸುತ್ತಿ ಓಡಿಬಂದ. ಅವನ ಹಿಂದೆ ನಾನು.

“ಅಕ್ಕಾ, ಈ ಕಡಿ ಅಲ್ಲ. ಸುತ್ತ ಹಾಕಿ ಬಾ.”

“ಅಪ್ಪನ ಮನಿಗೆ ನಾ ಎಂದಾರ ಹಿತ್ತಲದಾಗಿಂದ ಬಂದೀನೇನು?”

“ಈಗ ಅದ ಮುಂದಿನ ಬಾಗಲಾ ಆಗೇತಿ.”

“ಯಾರಿಗಿ ಮುಂದ? ಲಾರಿಯವರಿಗೇನು? ನಾ ಇಲ್ಲಿ ನಿಂತೀನಿ. ನನಗ ಬಾಗಲಾ ತೋರಸು.”

ಹಿಂದು-ಮುಂದು ಎನ್ನುವುದು ನಾವು ಮಾಡಿಕೊಂಡ ರೂಢಿ, ಗೋಡೆಗೆ ಅದು ಗೊತ್ತಿಲ್ಲ ಎಂಬರ್ಥದಲ್ಲಿ ನಾನು ಏನೋ ಹೇಳಿದೆ. ಅತ್ತೆ ತಲೆ ಅಲ್ಲಾಡಿಸದೆ ಕಣ್ಣನ್ನಷ್ಟೇ ನನ್ನತ್ತ ಹೊರಳಿಸಿದಳು.

“ಹಂಗಾರ ನೀನ ಹೊತ್ಕೊಂಡ ಹೋಗಲೇ ಶಾಣ್ಯಾ. ಹೆಣ್ಣು ಗಂಡು ಅನ್ನೂದೂ ರೂಢೀನ ಐತಿ.”

ಹೆಂಗಸರು ನಕ್ಕರು. ಕಾಕಾನೂ ನಕ್ಕ ಎಂದು ನೆನಪು. ಅವನೂ ನಗಲಿ ಎಂದು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಅಷ್ಟರಲ್ಲಿ ಮೇಲೆ ಯಾರೋ ಬಚ್ಚಲಿಗೆ ಬಕೆಟ್ ಸುರಿದರು. ನೀರು ಪೈಪಿನೊಳಗೆ ಗುಡುಗುಡು ಸದ್ದು ಮಾಡುತ್ತ ನಾಲ್ಕೂ ಮಹಡಿ ಇಳಿದು, ಅತ್ತೆಯ ತಲೆಯ ಮಟ್ಟವನ್ನು ದಾಟಿ, ಅವಳ ಪಾದದ ಹತ್ತಿರ ನೆಲದೊಳಗೆ ಹೋಯಿತು.

ಅತ್ತೆ ತಿರುಗಿ ಹೋಗಿ ಕೊಡದ ನೀರನ್ನು ತನ್ನ ತುಳಸಿಗೆ ಸುರಿದಳು.

ಒಳಗೆ ಕಾಕಿಯ ತಂಗಿ ಬೇರೊಂದು ಕೊಡ ಹೊತ್ತು ಶಾಸ್ತ್ರ ಮುಗಿಸಿದಳು. ಊಟಕ್ಕೆ ಓಣಿಯಿಂದ ಒಬ್ಬರೂ ಬರಲಿಲ್ಲ. ಸಂಜೆ ಕಾಕಾ ರಸ್ತೆಗಿಳಿದು ಲಾರಿ ನಿಲ್ಲಿಸಿ ಡ್ರೈವರುಗಳನ್ನು ಕರೆದು ಹೋಳಿಗೆ ಬಡಿಸಿದ ಎಂದು ನಾನು ಬಹಳ ಸಲ ಹೇಳಿದ್ದೇನೆ. ಕಾಕಾನ ಮಗಳು ಒಪ್ಪುವುದಿಲ್ಲ. ಉಂಡವರು ಗೋಡೆ ಕಟ್ಟಿದ ಗೌಂಡಿಗಳು, ಲಾರಿ ನಿಂತದ್ದು ಟಯರು ಪಂಕ್ಚರಾಗಿ, ಅತ್ತೆಯ ಮಾತು ಕೇಳಿದ ಮೇಲೆ ನಿನಗೆ ಎಲ್ಲಿ ನೋಡಿದರೂ ಲಾರಿ ಎನ್ನುತ್ತಾಳೆ. ಇರಬಹುದು.

ಮರುವಾರ ಕಾಕಾ ಬಿಲ್ಡರನ ಹತ್ತಿರ ಹೋಗಿ ಓಣಿಯ ಕಡೆ ಒಂದು ಬಾಗಿಲು ಕೊರೆದುಕೊಡಲು ಕೇಳಿದ. ಗೋಡೆಯ ಬುಡಕ್ಕೆ ಸಂಡಾಸಿನ ಟಾಕಿ ಇದೆ, ಸಾಧ್ಯವಿಲ್ಲ ಎಂದು ಉತ್ತರ ಬಂತು. ಬಾಗಿಲು ಆಗಲಿಲ್ಲ. ಅತ್ತೆ ಕೊನೆಯತನಕ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಕಾಕಾನೇ ಹೋಗತೊಡಗಿದ. ಸಂಜೆಯಾದರೆ ಹೆದ್ದಾರಿಗೆ ಇಳಿದು, ಧೂಳು ಕುಡಿಯುತ್ತ ಕಟ್ಟಡವನ್ನೂ ಪಕ್ಕದ ವಖಾರಿಯನ್ನೂ ಸುತ್ತಿ, ಮೊದಲು ಎರಡು ಹೆಜ್ಜೆಯಲ್ಲಿ ದಾಟುತ್ತಿದ್ದ ಓಣಿಗೆ ಬಂದು ಅತ್ತೆಯ ಕಟ್ಟೆಯ ಮೇಲೆ ಕೂಡುತ್ತಿದ್ದ. ಮೊದಮೊದಲು ಗೋಡೆಗೆ ಬೆನ್ನು ಮಾಡಿ ಕೂತ. ಅತ್ತೆ ಚಹಾ ತಂದವಳು ಕಪ್ಪು-ಬಸಿಯನ್ನು ಕೈಯಲ್ಲೇ ಹಿಡಿದು ನಿಂತಳು.

“ಈ ಕಡಿ ಮಾರಿ ಮಾಡಿ ಕೂಡು ತಮ್ಮಾ. ನಾವು ದಿನಾ ನೋಡ್ತೀವಿ, ನೀನೂ ನೋಡು.”

ಕಾಕಾ ತಿರುಗಿ ಕೂತ. ಆಮೇಲೆ ಅತ್ತೆ ಚಹಾ ಕೊಟ್ಟಳು.