ಬೆನ್ನ ಹಿಂದಿನ ಕುರ್ಚಿ

ನಮ್ಮ ಖಗೋಳ ವಿಭಾಗದಲ್ಲಿ ಡಾಕ್ಟರೇಟ್ ಬೇಕೆಂದರೆ ಎಂಟು ಕೋರ್ಸು ಮುಗಿಸಬೇಕು, ಒಂದು ಲಿಖಿತ ಪರೀಕ್ಷೆ ಬರೆಯಬೇಕು, ಒಂದು ವರ್ಷ ಕಿರಿಯರಿಗೆ ಪ್ರಯೋಗಾಲಯದಲ್ಲಿ ಪಾಠ ಹೇಳಬೇಕು. ಇಷ್ಟಾದ ಮೇಲೆ ಮೌಖಿಕ ಪರೀಕ್ಷೆ. ಬೋರ್ಡಿನ ಹತ್ತಿರ ಸೀಮೆಸುಣ್ಣ ಹಿಡಿದು ನಾಲ್ಕು ಜನರ ಮುಂದೆ ನಿಲ್ಲಬೇಕು. ಮೂವರು ನಮ್ಮವರು, ಒಬ್ಬರು ಬೇರೆ ವಿಭಾಗದಿಂದ ಬರುವವರು. ಇವರು ಹೂಂ ಅನ್ನುವ ತನಕ ಪ್ರಬಂಧ ಸಲ್ಲಿಸುವ ಹಾಗಿಲ್ಲ. ಮೊದಲ ಸಲ ತಪ್ಪಿದರೆ ಇನ್ನೊಂದೇ ಅವಕಾಶ, ಆಗ ನಾಲ್ವರೂ ಒಪ್ಪಬೇಕು. ಅದೂ ತಪ್ಪಿದರೆ ಗಂಟುಮೂಟೆ ಕಟ್ಟಬೇಕು. ಲೆಕ್ಕಗಳನ್ನು ಅರೆದು ಕುಡಿದವರೂ ಆ ಬಾಗಿಲ ಮುಂದೆ ಬೆವರುತ್ತಾರೆ. ನಾನೂ ಬೆವರಿದ್ದೆ. ನನ್ನನ್ನು ದಾಟಿಸಿದವರು ಧ್ರುವಣ್ಣ.

ಅದು ಅವರ ಹೆಸರಲ್ಲ. ಉಳಿದವರೆಲ್ಲ ಬಂದು, ನಾಲ್ಕು ಸುತ್ತು ಸುತ್ತಿ ಹೋಗುತ್ತಿದ್ದರು. ಇವರು ಮಾತ್ರ ಇದ್ದಲ್ಲೇ ಇದ್ದರು ಎಂದು ಯಾವನೋ ತುಂಟ ಇಟ್ಟ ಅಡ್ಡಹೆಸರು. ಇಟ್ಟವನೂ ಡಿಗ್ರಿ ತೆಗೆದುಕೊಂಡು ಹೋಗಿ ಎಷ್ಟೋ ವರ್ಷವಾಗಿತ್ತು. ನಾನು ಸೇರಿದಾಗ ಧ್ರುವಣ್ಣನಿಗೆ ವಿಭಾಗದಲ್ಲಿ ಒಂಬತ್ತನೆಯ ವರ್ಷ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಹೊಸಬರು ಮೇಷ್ಟ್ರೆಂದುಕೊಂಡು ಎದ್ದು ನಿಲ್ಲುತ್ತಿದ್ದರು. "ಕೂತ್ಕೊಳ್ರಪ್ಪಾ, ನಾನೂ ನಿಮ್ಮ ಹಾಗೇನೇ" ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಎರಡು ಕಡೆಯವರಿಗೂ ಮುಜುಗರವಾಗುತ್ತಿತ್ತು.

ಅವರ ಸಂಶೋಧನೆ ಯಾವತ್ತೋ ಮುಗಿದಿತ್ತು. ಪ್ರಬಂಧ ಟೈಪಾಗಿ ಮೇಜಿನ ಖಾನೆಯಲ್ಲಿ ಕೂತಿತ್ತು. ಬಾಕಿ ಇದ್ದದ್ದು ಮೌಖಿಕ ಒಂದೇ. ಮೂರನೆಯ ವರ್ಷ ಮೊದಲ ಸಲ ಒಳಗೆ ಹೋದವರು ನಲವತ್ತು ನಿಮಿಷ ಬೋರ್ಡಿಗೆ ಮುಖ ಮಾಡಿಕೊಂಡು ನಿಂತಿದ್ದರಂತೆ. ತುಟಿ ಪಿಟಕ್ಕೆನ್ನಲಿಲ್ಲವಂತೆ. ಗೊತ್ತಿಲ್ಲದೆ ಅಲ್ಲ. ಅವರಿಗೆ ಎಷ್ಟು ಗೊತ್ತಿತ್ತು ಎನ್ನುವುದು ಪರೀಕ್ಷಕರಿಗೂ ಗೊತ್ತಿತ್ತು. ಹಳೆಯ ಮುಖ್ಯಸ್ಥರು ಮೆದು ಮನಸ್ಸಿನವರು. ವರ್ಷವರ್ಷವೂ ಗಡುವು ಮುಂದೂಡುವ ಅರ್ಜಿಗೆ ಸಹಿ ಹಾಕಿ, "ಧೈರ್ಯ ಬಂದಾಗ ಹೇಳಪ್ಪ" ಎನ್ನುತ್ತಿದ್ದರು. ಧೈರ್ಯ ಬರಲಿಲ್ಲ, ಅರ್ಜಿಗಳು ಬಂದವು.

ಹೀಗೆ ತಾವು ದಾಟಲಾಗದ ಹೊಳೆಯನ್ನು ಅವರು ಉಳಿದವರೆಲ್ಲರಿಗೂ ದಾಟಿಸುತ್ತಿದ್ದರು. ಪರೀಕ್ಷೆ ಹತ್ತಿರ ಬಂದವರು ಸಂಜೆ ನಾಲ್ಕಕ್ಕೆ ನೆಲಮಾಳಿಗೆಯ ಕೋಣೆಗೆ ಹೋಗಬೇಕು. ಹಳೆಯ ದೂರದರ್ಶಕದ ಭಾಗಗಳನ್ನು ತುಂಬಿದ್ದ ಕೋಣೆ, ಮೂಲೆ ಒಡೆದ ಬೋರ್ಡು, ಒಂದು ಮರದ ಕುರ್ಚಿ. ಬಾಗಿಲಲ್ಲಿ "ಬಾರೋ, ಊಟ ಆಯ್ತಾ" ಎನ್ನುತ್ತಿದ್ದ ಮನುಷ್ಯ ಆ ಕುರ್ಚಿಯಲ್ಲಿ ಕೂತ ತಕ್ಷಣ ಬಹುವಚನಕ್ಕೆ ಬರುತ್ತಿದ್ದರು. "ಹೇಳಿ, ಸೂರ್ಯನ ಒಳಗೆ ಉರಿಯೋದು ಈ ಕ್ಷಣ ನಿಂತುಹೋಯ್ತು ಅಂತಿಟ್ಕೊಳ್ಳಿ. ಹೊರಗಿರೋ ನಮಗೆ ಯಾವಾಗ ಗೊತ್ತಾಗುತ್ತೆ?" ನಾವು ತಡಬಡಾಯಿಸಿದರೆ, ಯಾರೇ ಇರಲಿ, ಒಂದೇ ಮಾತು: "ಮೊದಲು ಚಿತ್ರ ಬರೀರಿ." ಚಿತ್ರ ಬರೆದ ಮೇಲೆ ಅರ್ಧ ಉತ್ತರ ಅದರಲ್ಲೇ ಇರುತ್ತಿತ್ತು. ಉಳಿದರ್ಧಕ್ಕೆ ಅವರು ನೀರಿಳಿಸುತ್ತಿದ್ದರು. ಒಬ್ಬ ಮೇಷ್ಟ್ರ ಕೆಮ್ಮು, ಇನ್ನೊಬ್ಬರು ಕನ್ನಡಕ ತೆಗೆದು ಒರೆಸುವ ರೀತಿ, ಎಲ್ಲವನ್ನೂ ಆ ಕುರ್ಚಿಯಿಂದಲೇ ಮಾಡಿ ತೋರಿಸುತ್ತಿದ್ದರು. ನಗು ಬಂದರೂ ನಗುವ ಹಾಗಿರಲಿಲ್ಲ.

ಮೂವತ್ತಕ್ಕೂ ಹೆಚ್ಚು ಜನ ಹೀಗೆ ದಾಟಿದರು. ಪಾಸಾದ ದಿನ ಕೇಕು ಕತ್ತರಿಸುತ್ತಿದ್ದೆವು, ಅವರಿಗೂ ಒಂದು ತುಂಡು. ಅವರು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಬೇಗ ಎದ್ದುಬಿಡುತ್ತಿದ್ದರು. ಹೋದವರಲ್ಲಿ ಒಂದಿಬ್ಬರು ಮೊದಲ ವರ್ಷ ಕಾರ್ಡು ಕಳಿಸುತ್ತಿದ್ದರು, ಆಮೇಲೆ ಅದೂ ಇಲ್ಲ. ಊರಿನಲ್ಲಿ ಅವರಿಗಿದ್ದವರು ಅಕ್ಕ ಒಬ್ಬರು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಅಕ್ಕನ ಮಗಳು ಒಮ್ಮೆ ಫೋನ್ ಕಸಿದುಕೊಂಡು, "ಮಾವ, ನೀವು ಈಗ ಎಷ್ಟನೇ ಕ್ಲಾಸು?" ಎಂದು ಕೇಳಿದ್ದಳಂತೆ. ಅದನ್ನು ಅವರೇ ನಮಗೆ ಹೇಳಿ ನಕ್ಕಿದ್ದರು. ನಾವೂ ನಕ್ಕೆವು. ಅವರು ಭಾನುವಾರ ಏನು ಮಾಡುತ್ತಾರೆ, ಯಾರ ಜೊತೆ ಉಣ್ಣುತ್ತಾರೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ.

ನನ್ನ ಮೂರನೆಯ ವರ್ಷದಲ್ಲಿ ಹೊಸ ಮುಖ್ಯಸ್ಥರು ಬಂದರು. ಕೆಟ್ಟವರಲ್ಲ, ಕಡತ ನೋಡುವವರು. ಧ್ರುವಣ್ಣನ ಕಡತ ತೆಗೆದು ನೋಡಿದವರಿಗೆ ತಲೆ ಸುತ್ತಿರಬೇಕು. ಈ ತಿಂಗಳೊಳಗೆ ಎರಡನೆಯ ಪರೀಕ್ಷೆ, ಇಲ್ಲವಾದರೆ ಹೆಸರು ತೆಗೆಯುವುದು ಎಂದು ಚೀಟಿ ಬಂತು. ದಿನ ಸೋಮವಾರಕ್ಕೆ ನಿಗದಿಯಾಯಿತು. ನನ್ನ ಪರೀಕ್ಷೆ ಅದಕ್ಕಿಂತ ಮೊದಲಿನ ಗುರುವಾರ.

ಗುರುವಾರ ನಾನು ಪಾಸಾದೆ. ಸೂರ್ಯನ ಪ್ರಶ್ನೆಯೇ ಬಂತು, ಚಿತ್ರ ಬರೆದೆ. ಹೊರಗೆ ಬಂದಾಗ ಧ್ರುವಣ್ಣ ಬೆಂಚಿನ ಮೇಲಿದ್ದರು. ನನ್ನ ಬೆನ್ನು ತಟ್ಟಿ, ಆಚೀಚೆ ನೋಡಿ, ಏನೋ ಕದ್ದವರ ಹಾಗೆ ದನಿ ತಗ್ಗಿಸಿದರು.

"ನಿನ್ನಿಂದ ಒಂದು ಉಪಕಾರ ಆಗಬೇಕಿತ್ತು."

"ಹೇಳಿ ಅಣ್ಣ."

"ಭಾನುವಾರ ಹತ್ತು ಗಂಟೆಗೆ ನನ್ನ ರೂಮಿಗೆ ಬರ್ತೀಯಾ? ಇಲ್ಲಿ ಅವತ್ತು ಬೀಗ ಹಾಕಿರ್ತಾರೆ. ನೀನೇನೂ ಕಷ್ಟದ ಪ್ರಶ್ನೆ ಕೇಳಬೇಕಾಗಿಲ್ಲ. ಉತ್ತರ ಎಲ್ಲಾ ಬರುತ್ತೆ ನಂಗೆ. ಬೋರ್ಡಿನ ಕಡೆ ತಿರುಗಿದಾಗ ಹಿಂದೆ ಯಾರೋ ಕೂತಿದ್ದಾರೆ ಅನ್ನಿಸುತ್ತಲ್ಲ, ಆಗ ಬಾಯಿಗೆ ಬೀಗ ಬೀಳುತ್ತೆ. ಒಂದೇ ಒಂದು ಸಲ ಯಾರಾದ್ರೂ ಬೆನ್ನ ಹಿಂದೆ ಕೂತಿದ್ರೆ, ಅಭ್ಯಾಸ ಆಗುತ್ತೇನೋ ಅಂತ."

"ಇಷ್ಟಕ್ಕೆ ಉಪಕಾರ ಅಂತೀರಲ್ಲ ಅಣ್ಣ. ಬಂದೇ ಬರ್ತೀನಿ" ಎಂದೆ. ಮೂವತ್ತು ಜನರ ಬೆನ್ನ ಹಿಂದೆ ಕೂತವರಿಗೆ ಈವರೆಗೆ ಯಾರೂ ಹಾಗೆ ಕೂತಿರಲಿಲ್ಲ ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ನಾನು ಗಾಳಿಯಲ್ಲಿದ್ದೆ.

ಭಾನುವಾರ ಗೆಳೆಯರು ಬೆಳಿಗ್ಗೆ ಬಂದು ಎಬ್ಬಿಸಿದರು. ಪಾಸಾದ ಖುಷಿಗೆ ಕೆರೆಯ ಕಡೆ ಹೋದೆವು, ದೋಣಿ ಬಾಡಿಗೆಗೆ ಹಿಡಿದೆವು, ಮಧ್ಯಾಹ್ನ ಮರದ ಕೆಳಗೆ ಮಲಗಿದೆವು. ಧ್ರುವಣ್ಣನ ನೆನಪಾದದ್ದು ಸಂಜೆ ಐದಕ್ಕೆ, ಬೂಟಿನ ದಾರ ಕಟ್ಟುವಾಗ. ನಾಲಿಗೆ ಕಚ್ಚಿಕೊಂಡು ಫೋನ್ ಮಾಡಿದೆ. "ಅಯ್ಯೋ, ಪರವಾಗಿಲ್ಲ ಬಿಡೋ. ನಾನೂ ಬಟ್ಟೆ ಒಗೆಯೋದಿತ್ತು" ಎಂದರು. ಈಗಲೇ ಬರಲಾ ಎಂದು ನಾನು ಕೇಳಬಹುದಿತ್ತು. ಅವರಿಗೆ ಎಲ್ಲ ಗೊತ್ತಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೈಕೊಡುವವರಿಗೆ ಇಂಥ ಸಮಾಧಾನ ಬಹಳ ಸುಲಭವಾಗಿ ಸಿಗುತ್ತದೆ.

ಸೋಮವಾರ ಹನ್ನೊಂದಕ್ಕೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ನಡೆದದ್ದನ್ನು ಆಮೇಲೆ ಹೇಳಿದವರು ನಾಲ್ವರು ಪರೀಕ್ಷಕರಲ್ಲಿ ಚಿಕ್ಕವರಾದ ಮೇಡಂ. ಅವರೂ ಇದೇ ವಿಭಾಗದಲ್ಲಿ ಓದಿದವರು, ಅದೇ ನೆಲಮಾಳಿಗೆಯಲ್ಲಿ ಧ್ರುವಣ್ಣನ ಮುಂದೆ ನಿಂತು ನಡುಗಿದವರು. ಹೊರಗೆ ಹೋಗಿ ಹೆಸರು ಮಾಡಿ, ಹೋದ ವರ್ಷವಷ್ಟೇ ಪಾಠ ಹೇಳಲು ವಾಪಸು ಬಂದಿದ್ದರು.

ಧ್ರುವಣ್ಣನಿಗೆ ಧೈರ್ಯ ಬರಲಿ ಎಂದು ಮೇಡಂ ತಾವೇ ಮೊದಲು ಮಾತಾಡಿದರಂತೆ. ಗೊತ್ತಿರುವ ಪ್ರಶ್ನೆಯನ್ನೇ ಕೇಳಿದರಂತೆ. "ಸೂರ್ಯನ ಒಳಗೆ ಉರಿಯೋದು ಈ ಕ್ಷಣ ನಿಂತುಹೋಯ್ತು ಅಂತಿಟ್ಕೊಳ್ಳಿ." ಧ್ರುವಣ್ಣ ಬೋರ್ಡಿನ ಕಡೆ ತಿರುಗಲಿಲ್ಲ. ಮೇಡಂ ಮುಖವನ್ನೇ ನೋಡುತ್ತಾ ಶಾಂತವಾಗಿ, "ಮೊದಲು ಚಿತ್ರ ಬರೀರಿ" ಎಂದರು. ಅಷ್ಟು ವರ್ಷದ ರೂಢಿ, ಬಾಯಿ ತಾನಾಗಿ ಆಡಿಬಿಟ್ಟಿತು. ಮೇಡಂಗೂ ಅದೇ ರೂಢಿ. ಎದ್ದವರೇ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಸೂರ್ಯನನ್ನು ಬರೆದರು. ಆಗ ನೆಲಮಾಳಿಗೆಯಲ್ಲಿ ತಪ್ಪು ಹೇಳಿದ್ದ ಹಾಗೆಯೇ, ಒಳಗಿನ ಬೆಳಕು ಹೊರಗೆ ಬರಲು ಲಕ್ಷ ವರ್ಷ ತೆಗೆದುಕೊಳ್ಳುತ್ತದೆ, ಆದ್ದರಿಂದ ಲಕ್ಷ ವರ್ಷ ಕಳೆದ ಮೇಲೆ ಮಂಕಾಗುತ್ತದೆ ಎಂದರು.

"ಅಲ್ಲೇ ಎಲ್ಲರೂ ಎಡವೋದು" ಎಂದರಂತೆ ಧ್ರುವಣ್ಣ. "ಬೆಳಕು ಎಷ್ಟು ಹೊತ್ತು ನಡೆಯುತ್ತೆ ಅನ್ನೋದು ಲೆಕ್ಕಕ್ಕಿಲ್ಲ. ಒಳಗೆ ಶಾಖ ಎಷ್ಟು ಕೂಡಿಟ್ಟಿದೆ ಅನ್ನೋದು ಮುಖ್ಯ. ಬೆಂಕಿ ಆರಿದ್ರೂ ಅದು ತನ್ನ ಭಾರಕ್ಕೇ ಮೆಲ್ಲಗೆ ಕುಗ್ಗುತ್ತೆ, ಕುಗ್ಗಿದ ಹಾಗೆ ಮತ್ತೆ ಬಿಸಿಯಾಗುತ್ತೆ. ಒಂದೆರಡು ಕೋಟಿ ವರ್ಷ ಹಾಗೇ ಹೊಳೀತಾ ಇರುತ್ತೆ. ಒಳಗಿಂದ ತಡೆಯಿಲ್ಲದೆ ಹೊರಬರೋ ನ್ಯೂಟ್ರಿನೊ ಕಣ ಹಿಡಿಯೋ ಯಂತ್ರ ಇಟ್ಟವರಿಗೆ ಮಾತ್ರ ಎಂಟೇ ನಿಮಿಷದಲ್ಲಿ ಗೊತ್ತಾಗುತ್ತೆ. ಬರೀ ಕಣ್ಣಲ್ಲಿ ನೋಡೋರಿಗೆ ಗೊತ್ತೇ ಆಗಲ್ಲ."

ಹಿರಿಯರಿಬ್ಬರು ನಕ್ಕರು. ಆ ನಗು ಬೆಂಚಿನವರೆಗೂ ಕೇಳಿಸಿತು, ನನ್ನ ಜೀವ ಹಗುರಾಯಿತು. ಆಮೇಲೆ ರಸಾಯನಶಾಸ್ತ್ರದಿಂದ ಬಂದಿದ್ದ ಹೊರಗಿನ ಸದಸ್ಯರು, "ಈಗ ಅವರು ಬೋರ್ಡಿಗೆ ಹೋಗಲಿ" ಎಂದರು. ಧ್ರುವಣ್ಣ ಹೋದರು, ಸೀಮೆಸುಣ್ಣ ಹಿಡಿದು ತಿರುಗಿ ನಿಂತರು. ಇನ್ನೊಂದು ಸುಲಭದ ಪ್ರಶ್ನೆ ಬಂತು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಒಳಗಿನಿಂದ ಯಾವ ಸದ್ದೂ ಇಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು.

ಮೂವರು ಹೂಂ ಅಂದರು. ಹೊರಗಿನ ಸದಸ್ಯರು ಒಪ್ಪಲಿಲ್ಲ. "ಪರೀಕ್ಷೆ ಕೊಟ್ಟದ್ದು ಅಭ್ಯರ್ಥಿಯಲ್ಲ, ಪರೀಕ್ಷಕಿ. ನಾನು ನೋಡಿದ್ದು ಅಷ್ಟೇ, ಅದಕ್ಕೆ ಸಹಿ ಹಾಕಲಾರೆ" ಎಂದರಂತೆ. ಒಂದು ವಾರ ಆ ಮನುಷ್ಯನನ್ನು ಮನಸಾರೆ ಬೈದುಕೊಂಡೆ. ಅವರು ಸುಳ್ಳೇನೂ ಹೇಳಿರಲಿಲ್ಲ, ಅದಕ್ಕೇ ಇನ್ನಷ್ಟು ಬೈದುಕೊಂಡೆ. ಆದರೆ ಬೈಯಬೇಕಾದವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಮಂಗಳವಾರ ಧ್ರುವಣ್ಣನ ರೂಮು ಹುಡುಕಿಕೊಂಡು ಹೋದೆ. ಐದು ವರ್ಷದಿಂದ ಅವರು ಅಲ್ಲೇ ಇದ್ದರು, ನಾನು ಹೋದದ್ದು ಅದೇ ಮೊದಲು. ದರ್ಜಿ ಅಂಗಡಿಯ ಮೇಲೆ ಒಂದೇ ಕೋಣೆ. ಕಬ್ಬಿಣದ ಮಂಚ, ಸ್ಟವ್, ಒಂದು ತಟ್ಟೆ, ಒಂದು ಲೋಟ. ಅರ್ಧ ಕಟ್ಟಿದ ಪುಸ್ತಕದ ಪೆಟ್ಟಿಗೆಗಳು. ಎದುರಿನ ಗೋಡೆಯ ಮೇಲೆ ಬಾಗಿಲಿನಷ್ಟು ಅಗಲಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು, ವಾಸನೆ ಇನ್ನೂ ಹೋಗಿರಲಿಲ್ಲ. ಅದಕ್ಕೆ ಎದುರಾಗಿ, ನಾಲ್ಕು ಹೆಜ್ಜೆ ದೂರದಲ್ಲಿ, ಬೆತ್ತದ ಸೀಟಿನ ಒಂದು ಕುರ್ಚಿ.

"ಅಕ್ಕನ ಊರಿಗೆ ಹೋಗ್ತೀನಿ ಕಣೋ. ಅಲ್ಲೊಂದು ಸ್ಕೂಲಲ್ಲಿ ಕೇಳಿದ್ದಾರೆ" ಎಂದರು. ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ. "ಅದೆಲ್ಲ ಬೇಡ" ಎಂದು ಕೈ ಅಡ್ಡ ಹಿಡಿದರು.

ಏನು ಮಾಡಬೇಕೋ ತೋಚದೆ ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ. "ಸೂರ್ಯನ ಒಳಗೆ ಉರಿಯೋದು ಈ ಕ್ಷಣ ನಿಂತುಹೋಯ್ತು ಅಂತಿಟ್ಕೊಳ್ಳಿ" ಎಂದೆ. ಅವರು ಕಿಟಕಿಯ ಕಟ್ಟೆಯ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಕಡೆ ತಿರುಗಿದರು. ಅಂಗಿಯ ಬೆನ್ನು ಏರಿಳಿಯುವುದು ಕಾಣುತ್ತಿತ್ತು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು. ಮೂರು ನಿಮಿಷವಾಗಿರಬೇಕು.

"ಮೊದಲು ಚಿತ್ರ ಬರೀರಿ" ಎಂದೆ.

ಅವರು ಬರೆದರು. ಒಂದು ವೃತ್ತ, ಒಳಗೆ ಇನ್ನೊಂದು. ಆಮೇಲೆ ಮಾತು ಬಂತು. ಮೊದಲು ತಡೆದು ತಡೆದು, ಆಮೇಲೆ ಸರಾಗವಾಗಿ. ಒಂದು ಗಂಟೆ ಕೇಳಿದೆ. ನಕ್ಷತ್ರಗಳ ಹುಟ್ಟು, ಸಾವು, ಗೊತ್ತಿದ್ದ ಪ್ರಶ್ನೆಯನ್ನೆಲ್ಲ ಕೇಳಿದೆ. ಒಂದಕ್ಕೂ ಅವರು ಹಿಂದಿರುಗಿ ನೋಡಲಿಲ್ಲ, ಒಂದರಲ್ಲೂ ತಪ್ಪಲಿಲ್ಲ. ಭಾನುವಾರ ನಾನು ಬಂದಿದ್ದರೆ ಸಾಕಾಗಿತ್ತು. ಅದು ಇಬ್ಬರಿಗೂ ಗೊತ್ತಾಯಿತು.

"ಪಾಸು ಅಣ್ಣ" ಎಂದೆ.

ಅವರು ಕೈಯ ಪುಡಿ ಕೊಡವಿಕೊಂಡು, ಒದ್ದೆ ಬಟ್ಟೆಯಿಂದ ಗೋಡೆ ಒರೆಸಿದರು. ಆಮೇಲೆ ನನ್ನ ಹತ್ತಿರ ಬಂದು ನಿಂತರು.

"ಸ್ವಲ್ಪ ಏಳ್ತೀಯಾ? ಕುರ್ಚಿ ಕೆಳಗೆ ಕೊಟ್ಟು ಬರ್ತೀನಿ. ಭಾನುವಾರಕ್ಕೆ ಅಂತ ದರ್ಜಿ ಹತ್ರ ಕೇಳಿ ತಂದಿದ್ದೆ."