ವಾರ್ಡಿನಲ್ಲಿ ಆಡಿದ ಕ್ರಿಸ್ತಾಂಗ್

ಮೊನ್ನೆ ಇಲ್ಲಿ ಮಲೇಷ್ಯಾದಲ್ಲಿ, ಪೆಟಾಲಿಂಗ್ ಜಯಾದ ಒಂದು ಹೋಟೆಲಿನ ಹಿಂಬಾಗಿಲಿನಿಂದ ವಿನೆಗರಿನಲ್ಲಿ ಕುದಿಯುವ ಸಾಸಿವೆಯ ಘಾಟು ಬಂತು. ಮೂಗು ಉರಿಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು.

ಪಕ್ಕದ ಮನೆಯ ಆಂಟಿ ಕ್ರಿಸ್‌ಮಸ್ ಮರುದಿನ ಮಾಡುತ್ತಿದ್ದ ಸಾರಿನ ಘಾಟು ಅದು. ಅವರು ಮಲಾಕ್ಕಾದವರು. ಶತಮಾನಗಳ ಹಿಂದೆ ಹಡಗಿನಲ್ಲಿ ಬಂದ ಪೋರ್ಚುಗೀಸರಿಗೂ ಅಲ್ಲಿನ ಹೆಂಗಸರಿಗೂ ಹುಟ್ಟಿದ ಮನೆತನ; ಎರಡೂ ಕಡೆಯ ಮಾತು ಬೆರೆತ ಅವರ ಭಾಷೆಗೆ ಕ್ರಿಸ್ತಾಂಗ್ ಎಂದು ಹೆಸರು. ಬೇಲಿಯಾಚೆಯಿಂದ "ತೆಂಗ್ ಬೊಂಗ್, ಗರ್ಲ್?" ಅನ್ನುವರು, ಚೆನ್ನಾಗಿದ್ದೀಯಾ ಅಂತ. ಈರುಳ್ಳಿ ಸುಲಿಯುತ್ತಲೇ ನನಗೂ ಅಷ್ಟಿಷ್ಟು ಕಲಿಸಿದ್ದರು. ಚಿಕ್ಕಂದಿನಲ್ಲಿ ನಮ್ಮೂರ ಕಾನ್ವೆಂಟಿನಲ್ಲಿ ಕನ್ನಡ ಆಡಿದ್ದಕ್ಕೆ ನನ್ನನ್ನು ವರಾಂಡದಲ್ಲಿ ನಿಲ್ಲಿಸಿದ್ದನ್ನು ಒಮ್ಮೆ ಹೇಳಿದೆ. "ನಿಲ್ಲಿಸಿದ್ರು ಅಷ್ಟೇನಾ? ನಮ್ಮನ್ನ ಮೊಣಕಾಲೂರಿಸ್ತಿದ್ರು ಲಾ! ನಿಂದು ಫೈವ್ ಸ್ಟಾರ್ ಪನಿಶ್‌ಮೆಂಟ್," ಎಂದು, ಇಲ್ಲಿಯವರ ವಾಡಿಕೆಯಂತೆ ಮಾತಿಗೊಂದು 'ಲಾ' ಅಂಟಿಸಿ ನಕ್ಕಿದ್ದರು...

ಪಾರ್ಶ್ವವಾಯು ಹೊಡೆದಾಗ ಅವರ ಇಂಗ್ಲಿಷ್ ಹೊರಟುಹೋಯಿತು. ಉಳಿದದ್ದು ಅದೊಂದೇ ಭಾಷೆ. ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ವಾರ್ಡಿಗೆ ಹೋದರೆ, ಎದ್ದು ಹೋಗದಂತೆ ಅವರ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದ್ದರು. ಮೆತ್ತನೆಯ ಬಟ್ಟೆ, ಅಚ್ಚುಕಟ್ಟಾದ ಗಂಟು. "ಯೊ ಕೆರೆ ಬಾಯ್ ಕಾಜ... ಕಾಜ..." ಎನ್ನುತ್ತಿದ್ದರು. ಮನೆಗೆ ಹೋಗಬೇಕು ಅಂತ, ಅಷ್ಟೇ. ಏನು ಕೇಳುತ್ತಿದ್ದಾರೆಂದು ನರ್ಸ್ ವಿಚಾರಿಸಿದಾಗ ಪಕ್ಕದಲ್ಲೇ ನಿಂತಿದ್ದ ಅವರ ಮಗ, "ಏನೋ ಬಡಬಡಿಸ್ತಾರೆ, ತಲೆ ಸರಿಯಿಲ್ಲ ಲಾ," ಅಂದ.

ಅವನನ್ನು ಹೊರಗೆ ಕರೆದೆ. "ಬಡಬಡಿಕೆ ಅಲ್ಲಪ್ಪ. ಮನೆಗೆ ಕರ್ಕೊಂಡ್ಹೋಗು ಅಂತಿದ್ದಾರೆ."

"ಗೊತ್ತು ಆಂಟಿ."

"ಗೊತ್ತಾ? ಮತ್ತೆ ಹೇಳೋದಕ್ಕೇನು?"

"ಇದು ನಮ್ಮ ಮನೆ ಮಾತು ಅಂತ ಡಾಕ್ಟರ್ ಮುಂದೆ ಹೇಗೆ ಹೇಳ್ಲಿ? ಮೀನು ಮಾರ್ಕೆಟ್ ಭಾಷೆ ಅಂದ್ಕೋತಾರೆ," ಎಂದು ಷರ್ಟಿನ ತೋಳಿನ ಮಡಿಕೆ ತೀಡಿಕೊಂಡ.

ನಾನೇ ಒಳಗೆ ಹೋಗಿ ನರ್ಸಿಗೆ ಹೇಳಿದೆ. "ನೀವು ಪೇಷಂಟಿಗೆ ಏನಾಗ್ಬೇಕು?" ಎಂದಳು. ಪಕ್ಕದ ಮನೆಯವಳು ಎಂದೆ. ಬಾಗಿಲು ತೋರಿಸಿದಳು. ಆಂಟಿ ಆ ಮಂಚದಲ್ಲೇ ಹೋದರು.

ಈಗ ಅದೇ ಮಗ ಅಮ್ಮನ ಫೋಟೊ ಹಾಕಿ, ಅಳಿಯುತ್ತಿರುವ ನಮ್ಮ ಭಾಷೆಯನ್ನು ಉಳಿಸೋಣ ಎಂದು ಫೇಸ್‌ಬುಕ್ಕಿನಲ್ಲಿ ಬರೆಯುತ್ತಾನೆ. ಎಲ್ಲರೂ ಕೈ ಮುಗಿಯುತ್ತಾರೆ. ಕಳೆದ ವಾರ ಫೋನು: "ಆಂಟಿ, ಅಮ್ಮ ನಿಮಗೆ ಕಲಿಸಿದ್ದನ್ನ ಒಂದು ವಿಡಿಯೋಗೆ ಹೇಳ್ತೀರಾ? ನಮ್ಮ ಮಕ್ಕಳಿಗೆ ಸ್ವಲ್ಪವೂ ಬರಲ್ಲ."

ಫೋನು ಇಟ್ಟೆ. ನಾನು ಯಾರ ಮೇಲೂ ದನಿ ಎತ್ತಿದವಳಲ್ಲ. ಅವತ್ತು ಆ ವಾರ್ಡಿನಲ್ಲಿ ಎತ್ತಬೇಕಿತ್ತು. ಒಂದು ಅಡುಗೆಮನೆಗೆ ಸಾಕಾಗುವಷ್ಟು ಮಾತು ನನ್ನಲ್ಲಿದೆ. ಅದನ್ನು ಕೇಳಿಸಿಕೊಳ್ಳಬೇಕಾದವರು ಇಲ್ಲ.